ಶಿವಗಂಗಮ್ಮ ಕೀಳದ ಮೊಳೆ

ಬಾಗೂರಿನಲ್ಲಿ ನಮ್ಮ ದೊಡ್ಡಮ್ಮ ಶಿವಗಂಗಮ್ಮನಿಗೆ ಗಟ್ಟಿಗಿತ್ತಿ ಎಂಬ ಹೆಸರು ಬಂದದ್ದು ೧೯೩೪ರಲ್ಲಿ, ತಮ್ಮನ ತಲೆಯಿಂದ ಕುಡುಗೋಲು ಕಿತ್ತಾಗ. ಆ ಹೆಸರು ಕೊಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತಮ್ಮ ಪಾಲಾಕ್ಷನಿಗೆ ಆಗ ಇಪ್ಪತ್ತೆರಡು. ತಾಯಿ ಸತ್ತ ಮೇಲೆ ಅವನನ್ನೂ ನನ್ನ ಅಮ್ಮ ಬಸವಲಿಂಗಮ್ಮನನ್ನೂ ಸಾಕಿದವಳು ದೊಡ್ಡಮ್ಮನೇ. ತೆಂಗಿನಮರದ ಬುಡದಲ್ಲಿ ಕಾಯಿ ಆಯುತ್ತಿದ್ದವನ ನೆತ್ತಿಗೆ, ಮರದ ಮೇಲಿದ್ದವನ ಕೈಜಾರಿದ ಕುಡುಗೋಲು ಬಿದ್ದು ನೆಟ್ಟುಕೊಂಡಿತು. ಅವನು ಉರುಳಲಿಲ್ಲ. ಕೂತುಕೊಂಡು, "ಅಕ್ಕಯ್ಯಾ, ಏನೋ ಬಿತ್ತು ಕಣೆ" ಎಂದ. ಸೇರಿದವರೆಲ್ಲ ಕೀಳು ಕೀಳು ಎಂದು ಬಾಯಿ ಮಾಡಿದರು. ಕಬ್ಬಿಣ ಒಳಗಿದ್ದರೆ ನಂಜೇರುತ್ತದಂತೆ! ಹೇಳಿದ ಒಬ್ಬರೂ ಕೈ ಹಾಕಲಿಲ್ಲ. ದೊಡ್ಡಮ್ಮ ಹಾಕಿದಳು. ಪಾಲಾಕ್ಷ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ನೋವಿಗೆ ಹಿಡಿದ ಎಂದುಕೊಂಡು, "ಒಂದ್ ಚಣ ತಡ್ಕಳಪ್ಪಾ" ಎನ್ನುತ್ತ ಎಳೆದೇಬಿಟ್ಟಳು.

ರಕ್ತ ಚಿಮ್ಮಿತು. ಅರಿಶಿನ ಮೆತ್ತಿದರು, ಕಾಫಿಪುಡಿ ಮೆತ್ತಿದರು, ಸೆರಗು ಹರಿದು ಒತ್ತಿದರು. ಸಂಜೆಯೊಳಗೆ ಅವನು ಹೋದ. "ಅವ್ನ್ ಅಣೇಬರ. ಆದ್ರೂ ಗಟ್ಟಿಗಿತ್ತಿ ಕಣ್ರಪ್ಪ, ಕೈ ನಡುಗ್ಲಿಲ್ಲ" ಎಂದಿತು ಊರು. ಅಲ್ಲಿಂದಾಚೆಗೆ ದೊಡ್ಡಮ್ಮ ಕುಡುಗೋಲು ಮುಟ್ಟಲಿಲ್ಲ. ಎಮ್ಮೆಗೆ ಹುಲ್ಲನ್ನೂ ಕೈಯಲ್ಲೇ ಕೀಳುತ್ತಿದ್ದಳು.

ಒಂಬತ್ತು ವರ್ಷವಾದ ಮೇಲೆ, ಯುದ್ಧದ ಕಾಲದಲ್ಲಿ, ದೊಡ್ಡಪ್ಪ ರುದ್ರಯ್ಯ ಕೊಬ್ಬರಿ ಇಳಿಸಲು ಅಟ್ಟ ಹತ್ತಿದರು. ಹುಳು ತಿಂದ ಹಲಗೆ ಮುರಿಯಿತು. ಹಲಗೆಯ ಸಮೇತ ಕೆಳಗೆ ಬಿದ್ದವರ ತಲೆಗೆ, ಕಿವಿಯ ಮೇಲ್ಗಡೆ, ಅದರ ಉದ್ದನೆಯ ಮೊಳೆ ಹೊಕ್ಕಿತ್ತು. ಗೇಣುದ್ದದ ಹಲಗೆಯ ಚೂರು ಮೊಳೆಗೆ ಕಚ್ಚಿಕೊಂಡೇ ಇತ್ತು.

ಮತ್ತೆ ಅದೇ ಜನ, ಅದೇ ಮಾತು. ಪಕ್ಕದ ಮನೆಯ ಲಕ್ಕಯ್ಯ ಈ ಸಲ ಕೈಯನ್ನೂ ಚಾಚಿದ. ದೊಡ್ಡಮ್ಮ ಗಂಡನ ಮೇಲೆ ಅಡ್ಡ ಬಿದ್ದಳು.

"ಯಾರೂ ಮುಟ್ಬ್ಯಾಡಿ! ಆ ರಕ್ತ ಇನ್ನೊಂದ್ ಸಲ ನೋಡಕಾಗಕಿಲ್ಲ ನನ್ ಕೈಲಿ."

ತಿಳಿದು ಮಾಡಿದ್ದಲ್ಲ, ಹೆದರಿ ಮಾಡಿದ್ದು. "ಗಟ್ಟಿಗಿತ್ತಿ ಅಂತಿದ್ರು, ಪುಕ್ಕಲಿ ಈವಮ್ಮ. ಗಂಡನ್ನ ಕೊಂದ್ಬುಡ್ತಾಳೆ" ಎಂದು ಲಕ್ಕಯ್ಯ ಉಗಿದ.

ಚನ್ನರಾಯಪಟ್ಟಣದವರೆಗೆ ಗಾಡಿ, ಅಲ್ಲಿಂದ ಹಾಸನಕ್ಕೆ ಇದ್ದಿಲು ಬಸ್ಸು. ಪೆಟ್ರೋಲಿಗೆ ಬರ, ಬಸ್ಸಿನ ಬೆನ್ನಿಗೆ ಇದ್ದಿಲು ಉರಿಯುವ ಡ್ರಮ್ಮು. ತೊಡೆಯ ಮೇಲೆ ಗಂಡನ ತಲೆ, ಎರಡೂ ಕೈಯಲ್ಲಿ ಹಲಗೆ. ಅಲುಗಬಾರದು ಎಂಬುದೊಂದೇ ಅವಳ ಧ್ಯಾನ. ಜತೆಗಿದ್ದ ನಮ್ಮಮ್ಮನನ್ನು ಗಳಿಗೆಗೊಮ್ಮೆ ಕೇಳುತ್ತಿದ್ದಳು: "ಉಸ್ರು ಐತೇನೆ ಬಸವೀ? ಮೂಗಿನ್ ತಾವ ಕೈ ಇಟ್ ನೋಡೆ. ನಾನು ಕೈ ಬುಡಂಗಿಲ್ಲ."

ಶಾಂತಿಗ್ರಾಮದ ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಎಲ್ಲರೂ ಇಳಿದು ತಳ್ಳಿ ಎಂದ ಕಂಡಕ್ಟರ್, ಅವಳ ಮಡಿಲು ನೋಡಿ ತಾನೇ ತಳ್ಳಲು ಇಳಿದ. ದೊಡ್ಡಪ್ಪ ಒಮ್ಮೆ ವಾಂತಿ ಮಾಡಿ, ಆಮೇಲೆ ಮಾತು ನಿಲ್ಲಿಸಿದರು. ಸತ್ತೇಹೋದರು ಎಂದು ಅಮ್ಮ ಅಳತೊಡಗಿದಳು. "ಅಳ್ಬ್ಯಾಡ್ವೇ, ಉಸ್ರು ನೋಡೇ" ಎಂದು ದೊಡ್ಡಮ್ಮ ಗದರಿದಳು. ಉಸಿರಿತ್ತು, ದಾರದಷ್ಟು.

ಹಾಸನದ ಆಸ್ಪತ್ರೆಯ ಡಾಕ್ಟರು ತಲೆ ಬೋಳಿಸಿ, ಮೊಳೆಯ ಸುತ್ತ ಬುರುಡೆ ಕೊರೆದು, ಮೊಳೆ ಬಿಡಿಸಿ, ಎಲುಬಿನ ಚೂರುಗಳನ್ನೂ ಕೂದಲನ್ನೂ ಹೆಕ್ಕಿ, ತೊಳೆದು, ನಂಜೇರದಂತೆ ಸಲ್ಫಾ ಪುಡಿ ಹಾಕಿ ಹೊಲಿದರು. ಹೊರಗೆ ಬಂದು, "ಮೊಳೆ ಕೀಳದೆ ತಂದವರು ಯಾರು?" ಎಂದರು.

"ತಪ್ಪಾಯ್ತು ಸಾ, ಧೈರ್ಯ ಸಾಲ್ದೇ ಓಯ್ತು" ಎಂದಳು ದೊಡ್ಡಮ್ಮ.

"ತಪ್ಪಲ್ಲಮ್ಮ. ಹರಿದ ರಕ್ತನಾಳವನ್ನು ಆ ಮೊಳೆಯೇ ಅಮುಕಿಕೊಂಡಿತ್ತು. ಊರಲ್ಲೇ ಕಿತ್ತಿದ್ದರೆ ಉಳಿಯುತ್ತಿರಲಿಲ್ಲ. ತಲೆಗೆ ನೆಟ್ಟಿದ್ದನ್ನು ಯಾವತ್ತೂ ಕೀಳಬಾರದು."

ಅಮ್ಮ ಕೈಮುಗಿದಳು. ದೊಡ್ಡಮ್ಮ ಮುಗಿಯಲಿಲ್ಲ.

"ಯಾವತ್ತೂನಾ ಸಾ? ಕುಡುಗೋಲಾದ್ರೂವೆ?"

"ಯಾವುದಾದರೂ ಅಷ್ಟೇ" ಎಂದು ಅವರು ಒಳಗೆ ಹೋದರು.

ದೊಡ್ಡಪ್ಪ ಆಮೇಲೆ ಹದಿನೆಂಟು ವರ್ಷ ಬದುಕಿದರು, ಬಲಗೈ ಸ್ವಲ್ಪ ಸೋತಿತ್ತು. ಆ ಮಧ್ಯಾಹ್ನ ಮಾತ್ರ ದೊಡ್ಡಮ್ಮ ಆಸ್ಪತ್ರೆಯ ಜಗಲಿಯಲ್ಲಿ ಕೂತೇ ಇದ್ದಳು. ಹಲಗೆ ಹಿಡಿದಿದ್ದ ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು. ಅಮ್ಮ ಒಂದೊಂದಾಗಿ ಬಿಡಿಸಲು ಹೋದಾಗ ಅವಳು ತನ್ನ ಮುಂಗೈ ನೋಡಿಕೊಂಡು ಹೇಳಿದಳು:

"ಪಾಲಾಕ್ಸ ಅವತ್ತು ಇಲ್ಲಿ ಇಡ್ಕಂಡಿದ್ದ ಕಣೆ ಬಸವೀ. ನೋವಿಗಲ್ಲ. ಬ್ಯಾಡ ಅಂತಿದ್ದ."