ಮನೆಗೊಬ್ಬ ಆಟಗಾರ

ನೂರಕ್ಕೆ ಎಂಬತ್ತು ಪಾಲು ಫಲ ಬರುವುದು ಇಪ್ಪತ್ತು ಪಾಲು ಜನರ ದುಡಿಮೆಯಿಂದ ಎಂದು ಈಚೆಗೆ ಯಾರೋ ದೊಡ್ಡ ಸಂಗತಿಯಂತೆ ಹೇಳಿದರು. ಜಂಗಮಕೋಟೆಯ ನಮ್ಮ ಫುಟ್‌ಬಾಲ್ ತಂಡ ನೆನಪಾಗಿ ನನಗೆ ಮೈಯೆಲ್ಲ ಉರಿಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ತಂಡದಲ್ಲಿ ಹನ್ನೊಂದು ಜನ; ಆಡುತ್ತಿದ್ದವರು ಮಾತ್ರ ಹಿಪ್ಪುನೇರಳೆ ತೋಟದ ಮನೆಯ ಅಣ್ಣತಮ್ಮಂದಿರು ಇಬ್ಬರೇ. ಅಣ್ಣ ಹಿಂದೆ ನಿಂತು ಚೆಂಡು ತಡೆದು, ತಲೆಯೆತ್ತದೆ ಎಡಮೂಲೆಗೆ ಒದೆಯುತ್ತಿದ್ದ. ತಮ್ಮ ಅಲ್ಲಿರುತ್ತಿದ್ದ. ಮುಂದಿನದು ಗೋಲು. ಉಳಿದವರು ಪಂಚೆ ಬಿಚ್ಚಿ ಚಡ್ಡಿ ತೊಟ್ಟದ್ದೇ ಊರಿಗೆ ಮಾಡಿದ ಉಪಕಾರವೆಂಬಂತೆ ನಿಂತಿರುತ್ತಿದ್ದರು. ಗೋಲು ಕಾಯುತ್ತಿದ್ದ ನನಗೂ ಕೆಲಸ ಕಡಿಮೆಯೇ.

ಚಿಂತಾಮಣಿಯವರ ಮೇಲೆ ಫೈನಲ್ ಬಂತು. ಗೆದ್ದರೆ ಮೊದಲ ಸಲ ಶೀಲ್ಡು ನಮ್ಮೂರಿಗೆ. ಆಗ ಶುರುವಾಯಿತು ಊರವರ ಗೊಣಗಾಟ: ಆ ಮನೆಯಿಂದ ಇಬ್ಬರು, ನಮ್ಮ ಮನೆಯಿಂದ ಒಬ್ಬನೂ ಇಲ್ಲವೇ? ತಂಡದ ಯಜಮಾನಿಕೆ ನಮ್ಮ ದೊಡ್ಡಪ್ಪನದು. ಜನ್ಮದಲ್ಲಿ ಚೆಂಡು ಒದ್ದವರಲ್ಲ. ಕೆರೆಯ ಹೂಳು ತೆಗೆಯಲು ಮನೆಗೊಬ್ಬ ಆಳನ್ನು ಕರೆಯುವ ಪದ್ಧತಿ ಅವರಿಗೆ ಗೊತ್ತಿತ್ತು. ಅದನ್ನೇ ತಂದು ತಂಡಕ್ಕೂ ಅಂಟಿಸಿ, ಆ ಇಬ್ಬರಲ್ಲಿ ತಮ್ಮನನ್ನು ಕೈಬಿಟ್ಟರು.

"ದೊಡ್ಡಪ್ಪ, ಅವನಿಲ್ದಿದ್ರೆ ಗೋಲು ಹೊಡೆಯೋರು ಯಾರು?" ಎಂದೆ.

"ಚೆಂಡಿನ ಹಿಂದೆ ಓಡೋದೂ ಒಂದು ವಿದ್ಯೇನೇನೋ? ಮನೆಗೊಬ್ಬ ಅಂದ್ರೆ ಮನೆಗೊಬ್ಬ ಕಣೋ" ಎಂದರು.

ಶಿಡ್ಲಘಟ್ಟದ ಮೈದಾನದಲ್ಲಿ ಆಟ. ತಮ್ಮನ ಜಾಗಕ್ಕೆ ಬಂದ ಮಹಾಶಯ, ಇಸ್ತ್ರಿ ಮಾಡಿದ ಅಂಗಿಗೆ ಮಣ್ಣು ತಾಗೀತೆಂದು ಚೆಂಡು ಬಂದಾಗಲೆಲ್ಲ ಪಕ್ಕಕ್ಕೆ ಸರಿದ. ಅಣ್ಣ ಅಭ್ಯಾಸಬಲದಿಂದ ಎಡಮೂಲೆಗೇ ಒದೆಯುತ್ತಿದ್ದ. ಚೆಂಡು ಗೆರೆ ದಾಟಿ, ಹೊರಗೆ ಕೂತಿದ್ದ ತಮ್ಮನ ಹತ್ತಿರವೇ ಹೋಗುತ್ತಿತ್ತು. ಅವನು ಎದ್ದು, ಆಟದ ನಿಯಮದಂತೆ ಅದನ್ನು ಚಿಂತಾಮಣಿಯವರ ಕೈಗೆ ಕೊಟ್ಟು, ಮತ್ತೆ ಕೂರುತ್ತಿದ್ದ. ಗೋಲಿನ ಮೇಲೆ ಗೋಲು ತಿಂದೆವು.

ಬಸ್ಸಿನಲ್ಲಿ ದೊಡ್ಡಪ್ಪನ ಮುಖದಲ್ಲಿ ಎಂಥದೋ ನೆಮ್ಮದಿ. "ಸೋತ್ರೆ ಹೋಗ್ಲಿ ಬಿಡು, ಯಾವ ಮನೆಗೂ ಅನ್ಯಾಯ ಆಗ್ಲಿಲ್ಲ" ಎಂದರು. ನನಗೆ ಅಸಹ್ಯವಾಯಿತು. ಬಸ್ಸಿಳಿದ ಮೇಲೆ ಅವರ ಪಕ್ಕ ನಡೆಯಲೂ ಮನಸ್ಸಾಗದೆ ಹಿಂದೆ ಉಳಿದೆ.

ಕೆರೆ ಏರಿಯ ಮೇಲೆ ಅವರು ನಿಂತು, ಮುಂದೆ ಹೋಗುತ್ತಿದ್ದ ಅಣ್ಣತಮ್ಮಂದಿರನ್ನು ಕೂಗಿ ಕರೆದರು. ತಮ್ಮನ ಬೆನ್ನು ತಟ್ಟಿದರು. ಸಮಾಧಾನ ಹೇಳುತ್ತಾರೆಂದುಕೊಂಡೆ.

"ನಾಳೆ ಹೂಳು ತೆಗೆಯೋಕೆ ನೀವಿಬ್ರೂ ಬಂದ್ಬಿಡ್ರಪ್ಪ" ಎಂದರು. "ಮಿಕ್ಕಿದೋರ ಕೈಲಿ ಏನೂ ಆಗಲ್ಲ."