ಊದುಬತ್ತಿ ಸಿಕ್ಕಿಸಿದ ಕೋವಿ

ಆಯುಧ ಪೂಜೆಯ ದಿನ ಬೆಳಿಗ್ಗೆ ಹತ್ತೂವರೆಗೆ ಮುಂಡಾಜೆಯ ನಮ್ಮ ಮನೆಯ ಹಳೇ ಕೋವಿ ಸುರ್ರೆಂದು ಹೊಗೆ ಬಿಟ್ಟಿತು.

ಕತ್ತಿ, ಹಾರೆ, ಅಮ್ಮನ ಹೊಲಿಗೆ ಯಂತ್ರದ ಜೊತೆ ಅದನ್ನೂ ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸಿ ಪೂಜೆಗೆ ಇಡುವುದು ನಮ್ಮಲ್ಲಿ ಪದ್ಧತಿ. ನಳಿಗೆಯ ಬುಡದಲ್ಲಿ ಒಂದು ತೂತು. ಅಪ್ಪ ಅದಕ್ಕೆ ತೆಂಗಿನೆಣ್ಣೆ ಬಿಟ್ಟು, ಆಮೇಲೆ ಅದರಲ್ಲೇ ಊದುಬತ್ತಿ ಸಿಕ್ಕಿಸುವರು. ಅಜ್ಜನೂ ಹಾಗೆಯೇ ಮಾಡುತ್ತಿದ್ದರಂತೆ. ಆ ದಿನ ಕೆಂಡ ಒಳಗೆ ಬಿತ್ತು. ಎಣ್ಣೆ ಸುಟ್ಟದ್ದು ಎಂದು ಅಪ್ಪ ನಕ್ಕರು. ನನ್ನ ಮೂಗಿಗೆ ಬಂದದ್ದು ಪಟಾಕಿಯ ವಾಸನೆ.

ಮೂಡುಬಿದಿರೆಯಲ್ಲಿ ಇತಿಹಾಸ ಕಲಿಸುವ ಗೆಳತಿಗೆ ತೋರಿಸುವ ಎಂದು ಹಟ ಹಿಡಿದವಳು ನಾನೇ. ಮರುದಿನ ಕಾರು ಓಡಿಸಿದವಳೂ ನಾನೇ, ಪಕ್ಕದಲ್ಲಿ ಅಪ್ಪ. ಡಿಕ್ಕಿಯಲ್ಲಿ ಹಿಡಿಸದ ಕೋವಿಯನ್ನು ಅಮ್ಮ ಬೆಡ್‌ಶೀಟಿನಲ್ಲಿ ಸುತ್ತಿ, ಅದರ ಬಾಯಿಯನ್ನು ಭುಜಕ್ಕೆ ಒರಗಿಸಿಕೊಂಡು ಹಿಂದೆ ಕುಳಿತಳು. ಶಿರ್ತಾಡಿಯ ತಿರುವುಗಳಲ್ಲಿ ಅದು ಜಾರಿದಾಗಲೆಲ್ಲ ಎಳೆದು ಹತ್ತಿರ ಮಾಡಿಕೊಂಡಳು. ಕಣ್ಣು ಮುಚ್ಚಿದರೆ ಈಗಲೂ ನನಗೆ ಕಾರಿನ ಕನ್ನಡಿಯೊಳಗಿನ ಆ ಭುಜವೇ ಕಾಣುತ್ತದೆ.

ಗೆಳತಿ ಕೋವಿಯ ಬಾಯಿಯನ್ನು ಅಂಗಳದಂಚಿನ ಎತ್ತರದ ಮಣ್ಣಿನ ದರೆಯ ಕಡೆಗೆ ಮಾಡಿ ಬೆಂಚಿನ ಮೇಲೆ ಮಲಗಿಸಿದಳು. ಬೇಟೆಯ ಕೋವಿ ಎಂದೇ ನಾವು ನಂಬಿದ್ದೆವು. ಅವಳು ಬದಿಯ ತಗಡಿನಲ್ಲಿ ಮುಚ್ಚಿಹೋಗಿದ್ದ ಎರಡು ತೂತುಗಳ ಗುರುತು ತೋರಿಸಿದಳು. ಚಕಮಕಿ ಕಲ್ಲಿನ ಕಿಡಿಯಿಂದ ಹಾರುತ್ತಿದ್ದ ಸಿಪಾಯಿಗಳ ಕೋವಿ ಅದು. ಯಾರೋ ಆ ಭಾಗಗಳನ್ನು ಕಿತ್ತು, ಬಡಿದರೆ ಸಿಡಿಯುವ ಕೇಪು ಇಟ್ಟು ಹಾರಿಸುವಂತೆ ಬದಲಿಸಿ, ಕಾಡಿನಲ್ಲಿ ಹಿಡಿಯಲು ಸುಲಭವಾಗಲೆಂದು ನಳಿಗೆಯನ್ನೂ ಕೊಯ್ದಿದ್ದರು. ನಮ್ಮ ಊದುಬತ್ತಿಯ ತೂತು ಕೇಪು ಕೂರಿಸುವ ಮೊಳೆ ಬಿದ್ದುಹೋದ ಜಾಗ. ಅದರ ದಾರಿ ನೇರ ಸಿಡಿಮದ್ದಿಗೆ.

"ಮದ್ದು ಎಲ್ಲಿಂದ ಮಾರಾಯ್ತಿ, ಅದು ಖಾಲಿ," ಎಂದರು ಅಪ್ಪ.

ಅವಳು ಬದಿಯಲ್ಲಿ ನಿಂತು ಬಿದಿರ ಕಡ್ಡಿಯೊಂದನ್ನು ನಳಿಗೆಯೊಳಗೆ ಮೆಲ್ಲ ತೂರಿಸಿದಳು. ಅದು ತಡೆದಲ್ಲಿ ಗುರುತು ಮಾಡಿ, ಹೊರಗೆಳೆದು ನಳಿಗೆಯ ಪಕ್ಕಕ್ಕೆ ಹಿಡಿದಳು. ಕಡ್ಡಿ ತೂತಿನವರೆಗೆ ಮುಟ್ಟಲಿಲ್ಲ.

"ನಾಲ್ಕು ಬೆರಳು ಕಡಿಮೆ ಉಂಟು ಅಂಕಲ್. ಒಳಗೆ ತುಂಬಿಸಿದ ಈಡು ಹಾಗೇ ಉಂಟು."

ಅಪ್ಪ ಅಮ್ಮನ ಭುಜವನ್ನೇ ನೋಡಿದರು.

"ನೀವು ಎಣ್ಣೆ ಕುಡಿಸಿದ್ದರಿಂದ ನಾನು ಬದುಕಿದೆ ಅಂತ ಮಾತ್ರ ಹೇಳ್ಬೇಡಿ," ಎಂದಳು ಅಮ್ಮ. ಅದೂ ಇರಬಹುದು ಎಂದಳು ಗೆಳತಿ, ಮೆಲ್ಲಗೆ.

ಅವಳೇ ಪೊಲೀಸರಿಗೆ ತಿಳಿಸಿದಳು. ಅವರ ಜೊತೆ ಬಂದ ಕೋವಿ ರಿಪೇರಿಯವರು ನಳಿಗೆಗೆ ನೀರು ತುಂಬಿಸಿಟ್ಟು, ಬಹಳ ಹೊತ್ತಿನ ನಂತರ ತೆಂಗಿನ ನಾರು, ಸೀಸದ ಚರೆ, ಗಟ್ಟಿಯಾದ ಕಪ್ಪು ಮದ್ದು ಎಲ್ಲವನ್ನೂ ಕೆರೆದು ತೆಗೆದರು. ಕೋವಿ ಸ್ಟೇಷನ್ನಿಗೆ ಹೋಯಿತು. ವಾಪಸು ಬೇಡ ಎಂದು ಅಪ್ಪನೇ ಹೇಳಿದರು. ಆದರೂ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ.

ಭಾನುವಾರ ಸಂಜೆ ಅಪ್ಪ ಬಂಟ್ವಾಳದಲ್ಲಿರುವ ತಮ್ಮ ತಂಗಿಗೆ ಫೋನ್ ಮಾಡಿದರು. ಅವಳ ಗಂಡನ ಮನೆಯಲ್ಲೂ ಅಂಥದ್ದೊಂದು ಉಂಟು. "ಖಾಲಿ ಅಂತ ನೀನು ಹೇಗೆ ಹೇಳ್ತೀ? ಒಳಗೆ ನೋಡಿದವರು ಯಾರು? ಮುಟ್ಟಬೇಡಿ, ಸ್ಟೇಷನ್ನಿಗೆ ಹೇಳಿ." ಆಮೇಲೆ ಕಲ್ಲಡ್ಕದ ಭಾವನಿಗೆ, ಮತ್ತೆ ಇನ್ನೂ ಒಬ್ಬರಿಗೆ. ಪ್ರತಿ ಸಲವೂ ಮೊದಲಿಂದ, ಏನನ್ನೂ ಬಿಡದೆ ಹೇಳಿದರು. ಅಮ್ಮ ಪಕ್ಕದಲ್ಲಿ ಕುಳಿತು ಬೀನ್ಸ್ ಮುರಿಯುತ್ತಾ ತಪ್ಪಿದಲ್ಲಿ ತಿದ್ದುತ್ತಿದ್ದಳು.

ಅಂದು ನಾವು ಮೂವರೂ ಒಂದೇ ನಿದ್ದೆ ಮಾಡಿದೆವು. ಎದ್ದಾಗ ಡೈರಿಗೆ ಹಾಲು ಕೊಡುವ ಹೊತ್ತು ಮೀರಿತ್ತು.