ಸುಂಕದ ಜೋಶಿ ಕಾಕಾ

ಬಟ್ಟಲು ಕೈಗೆ ಬಂದೊಡನೆ ಜೋಶಿ ಕಾಕಾ ಕೇಳುತ್ತಿದ್ದ ಮೊದಲ ಮಾತು, "ಇದರ ಮ್ಯಾಲೆ ಸುಂಕ ಯಾರು ತಗೊಂಡ್ರು, ಹೇಳು ತಂಗಿ." ಉಪ್ಪಾಗಲಿ, ಲವಂಗವಾಗಲಿ, ಉತ್ತರ ಅವರೇ ಕೊಡುತ್ತಿದ್ದರು. ಧಾರವಾಡದವರು. ತೊಂಬತ್ತರ ದಶಕದ ಕೊನೆಯಲ್ಲಿ, ಅಫೀಮು ವ್ಯಾಪಾರದ ಇತಿಹಾಸ ಬರೆಯಲೆಂದು ಕಾಲೇಜಿಗೆ ರಜೆ ಹಾಕಿ ರಾಟರ್‌ಡ್ಯಾಮಿಗೆ ಬಂದಿದ್ದರು. ಭಾನುವಾರ ಪಕ್ಕದ ಊರು ಕಾಪೆಲ್ಲೆಯ ನಮ್ಮ ಮನೆಯಲ್ಲಿ ಊಟ. ಬಾಗಿಲಲ್ಲಿ ಬೂಟು ಬಿಚ್ಚಿದರೆ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಇನ್ನೊಂದು ಪಾದದಡಿ ಮುಚ್ಚಿಟ್ಟುಕೊಂಡೇ ಕೂರುತ್ತಿದ್ದರು.

ಆ ವರ್ಷ ದೀಪಾವಳಿಗೆ ಗಸಗಸೆ ಪಾಯಸ ಮಾಡಿದೆ. ಬಿಳಿ ಗಸಗಸೆ ಸಿಗದೆ, ಇಲ್ಲಿಯವರು ಬ್ರೆಡ್ಡಿನ ಮೇಲೆ ಉದುರಿಸುವ ಕಪ್ಪು ಗಸಗಸೆಯನ್ನೇ ಹುರಿದು ರುಬ್ಬಿದ್ದೆ. ಪಕ್ಕದ ಮನೆಯ ಲಿಯೆನ್ ಅಜ್ಜಿಯನ್ನೂ ಕರೆದಿದ್ದೆ. ಜಾವಾದಲ್ಲಿ ಹುಟ್ಟಿದ ಚೀನೀ ಮನೆತನದವರು.

"ಏನ್ ತಂಗಿ, ಒಲಿ ಬೂದಿ ಕಲಸೀಯೇನು?" ಎಂದು ನಕ್ಕ ಕಾಕಾ, ಅಜ್ಜಿಯತ್ತ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಇದು ಅಫೀಮಿನ ಗಿಡದ್ದೇ ಬೀಜ. ಮಾಳವದ ಅಫೀಮು ಮುಂಬೈ ಬಂದರು ದಾಟಲು ಬ್ರಿಟಿಷರಿಗೆ ಸುಂಕ ಕಟ್ಟಬೇಕಿತ್ತು. ಚೀನಾದ ದೊರೆ ಬೇಡವೆಂದಾಗ ಯುದ್ಧನೌಕೆ ಕಳಿಸಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಜಾವಾದಲ್ಲಂತೂ ಡಚ್ ಸರ್ಕಾರ ತಾನೇ ಅಂಗಡಿ ಇಟ್ಟು ಮಾರಿತು! ಹೇಳುತ್ತಾ ಹೇಳುತ್ತಾ ಅವರ ಮುಖ ಅರಳಿತ್ತು.

ಅಜ್ಜಿ ಚಮಚ ಕೆಳಗಿಟ್ಟರು. "ಆ ಅಂಗಡಿ ನಮ್ಮ ಬೀದಿಯ ತುದಿಯಲ್ಲಿತ್ತು," ಎಂದರು ಮೆಲ್ಲಗೆ. "ಅಪ್ಪ ದಿನಾ ಅಲ್ಲಿಗೇ ಹೋಗುತ್ತಿದ್ದರು. ಅಮ್ಮನ ಬಳೆಗಳೂ ಅಲ್ಲಿಗೇ ಹೋದವು." ತುಟಿ ಒರೆಸಿಕೊಂಡು, ನನ್ನ ಕೈ ಒತ್ತಿ ಹೊರಟುಹೋದರು.

"ತಪ್ಪಾತು ಅಂತ ಹೋಗಿ ಅನ್ನಬೇಕು, ತಂಗಿ. ಹ್ಯಾಂಗ ಅನ್ನೂದು?"

"ಹಾಗೇ ಅನ್ನಿ ಕಾಕಾ. ಅಷ್ಟೇ ಸಾಕಲ್ವಾ?"

ಕಾನ್ವೆಂಟಿನಲ್ಲಿ ನಾವು ಮಾತುಮಾತಿಗೂ ಹೇಳುತ್ತಿದ್ದ 'ಸಾರಿ' ಆ ವಿದ್ವಾಂಸರ ಬಾಯಿಗೆ ಬರಲೊಲ್ಲದು. ಮುಂದಿನ ಭಾನುವಾರಗಳಲ್ಲಿ ಅಜ್ಜಿಯ ಬಾಗಿಲ ತನಕ ಹೋಗುವರು, ಕರೆಗಂಟೆಯತ್ತ ಬೆರಳು ಚಾಚುವರು, ಮರಳಿಬಿಡುವರು. "ಇನ್ನೊಂದು ವಾರ ಹೋಗಲಿ." ಚಳಿಗಾಲ ಮುಗಿಯುವಷ್ಟರಲ್ಲಿ ಅಜ್ಜಿಯ ಮಗಳು ಬಂದು ಅವರನ್ನು ಆಲ್ಮೆರೆ ಎಂಬ ಊರಿನ ತನ್ನ ಮನೆಗೆ ಕರೆದೊಯ್ದಳು. ಕಿಟಕಿಯ ಲೇಸಿನ ಪರದೆಯೂ ಹೋಯಿತು.

ರಜೆ ಮುಗಿದು ಕಾಕಾ ಊರಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ಕಾಫಿ ಕೊಡಿಸಿದೆ. ಕುಡಿದು ಮುಗಿಸಿದರು. ಸುಂಕದ ಮಾತೇ ಎತ್ತಲಿಲ್ಲ. ರೈಲು ಹತ್ತಿದ ಮೇಲೆ ಬಾಗಿಲಲ್ಲಿ ನಿಂತು ಅಂದರು:

"ಎಷ್ಟ್ ಮಂದಿ ಗವರ್ನರುಗಳ ಹೆಸರು ಬಾಯಿಪಾಠ ಅದಾವ ನನಗ. ಆ ಅಜ್ಜಿ ಅಪ್ಪನ ಹೆಸರು ಏನಂತ ಕೇಳಲೇ ಇಲ್ಲ ನೋಡು, ತಂಗಿ. ನಿನಗ ಗೊತ್ತದ ಏನು?"

ನನಗೂ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿತು. ಗಾಜಿನಾಚೆ ಕಾಕಾ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.